ಕಂಕುಳಲ್ಲಿ ಫ್ಲಾಸ್ಕು, ಎದುರಿಗೆ ಗಾಳಿ

"ಈ ವರ್ಷ ರಜೆಗೆ ನಾವೆಲ್ಲೂ ಹೋಗೋದಿಲ್ಲ. ನಮ್ಮೂರಲ್ಲೇ ಕಳೀತೀವಿ. ಸೈಕಲ್ ಮೇಲೆ, ಇಲ್ಲಾಂದ್ರೆ ಕಾಲ್ನಡಿಗೇಲಿ. ಮೈ ದಣಿಸೋ ರಜೆ ನೀಬಿಯಾ, ಬಿದ್ಕೊಂಡು ಕಳೆಯೋದಲ್ಲ!"

ದೇಶಕ್ಕೆ ದೇಶವೇ ರಜೆ ಹಾಕುವ ಪ್ರವಾಸ ವಾರ ಶುರುವಾಗುವ ಹಿಂದಿನ ದಿನ ವಿಲ್ಮಾರ್ ಈ ಘೋಷಣೆ ಹೊರಡಿಸಿದ್ದು ಸೋಫಾದ ಮೇಲೆ ಬಿದ್ದುಕೊಂಡೇ. ವಯಸ್ಸು ಐವತ್ತಾರು, ಕಚೇರಿಯಲ್ಲಿ ಗುಮಾಸ್ತಿಕೆ, ಮೊಂಟೆವಿಡಿಯೊದ ಹಳೇ ಪೇಟೆಯಲ್ಲಿ ಮೂರನೇ ಮಹಡಿಯ ಮನೆ. ಕೂತು ಕೂತು ಆತನ ಹೊಟ್ಟೆಯ ಸುತ್ತಳತೆ ಎದೆಯ ಸುತ್ತಳತೆಯನ್ನು ಹಿಂದೆ ಹಾಕಿ ಆರೇಳು ವರ್ಷವೇ ಆಗಿತ್ತು. ಆದರೆ ದನಿ ಮಾತ್ರ ದಂಡಯಾತ್ರೆಗೆ ಹೊರಟ ದಂಡನಾಯಕನದು.

ಹೆಂಡತಿ ನೀಬಿಯಾ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ವರ್ಷವಿಡೀ ಮುನ್ನೂರು ಜನಕ್ಕೆ ಸಪ್ಪೆ ಸೂಪು ಕಾಯಿಸಿ ಕಾಯಿಸಿ ಸುಸ್ತಾದ ಜೀವ ಅದು. ಪಿರಿಯಾಪೊಲಿಸ್‌ನ ಕಡಲತೀರದಲ್ಲಿರುವ ಅಕ್ಕ ಮಿರ್ತಾಳ ಮನೆಗೆ ಹೋಗಿ ನಾಲ್ಕು ದಿನ ಕಾಲು ಚಾಚಿ ಕೂರಬೇಕೆಂದು ಜನವರಿಯಿಂದ ಕಾಯುತ್ತಿದ್ದಳು.

ವಿಲ್ಮಾರ್‌ನ ಸೈಕಲ್ ಪ್ರೇಮ ಹುಟ್ಟಿದ್ದೂ ಆ ಮನೆಯಿಂದಲೇ. ಅಲ್ಲಿ ಷಡ್ಡಕ ಇದ್ದ! ಮಿರ್ತಾಳ ಗಂಡ ಒರೆಸ್ತೆಸ್. ಕೆಂಡದ ಮೇಲೆ ಮಾಂಸ ಸುಡಲು ಬೆಂಕಿ ಹೊತ್ತಿಸುವುದು ಹೇಗೆಂದು ಇಪ್ಪತ್ತು ವರ್ಷದಿಂದ ಪ್ರತಿ ರಜೆಯ ಪ್ರತಿ ಸಂಜೆ ವಿಲ್ಮಾರ್‌ಗೆ ಪಾಠ ಹೇಳುತ್ತಿದ್ದ. ಸೌದೆ ಹೀಗಿಡಬೇಕು, ಕಾಗದ ಹೀಗೆ ಮುದುರಬೇಕು, ನೀನು ಅಲ್ಲಿ ನಿಲ್ಲಬೇಡ ಗಾಳಿಗೆ ಅಡ್ಡ ಆಗ್ತೀಯ, ಎಂದು. ಇಷ್ಟೆಲ್ಲ ಕಲಿತ ಶಿಷ್ಯನ ಕೈಗೆ ಒಂದು ದಿನವಾದರೂ ಬೆಂಕಿಪೊಟ್ಟಣ ಕೊಟ್ಟವನಲ್ಲ. ಉರುಗ್ವೆಯ ಗಂಡಸಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನು ಬೇಕು?

ನೀಬಿಯಾ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು. "ಸರಿ. ಇಲ್ಲಿಂದ ಕರಾಸ್ಕೊವರೆಗೆ ಹೋಗು, ವಾಪಸ್ ಬಾ. ಬಸ್ಸಿಲ್ಲ, ಟ್ಯಾಕ್ಸಿ ಇಲ್ಲ, ನಿನ್ನ ಕಾಲೇ. ಬಂದ್ಯೋ, ಈ ವಾರ ನೀನು ಪಿರಿಯಾಪೊಲಿಸ್‌ಗೆ ಕಾಲಿಡ್ಬೇಕಾಗಿಲ್ಲ. ಬರ್ಲಿಲ್ವೋ, ಗುರುವಾರ ಬೆಳಿಗ್ಗೆ ಬಾಯ್ಮುಚ್ಕೊಂಡು ನನ್ನ ಜೊತೆ ಅಕ್ಕನ ಮನೆಗೆ ಹೊರಡ್ತೀಯ."

"ಒಪ್ಪಿದೆ" ಎಂದ ವಿಲ್ಮಾರ್. ದಾರಿ ರಾಂಬ್ಲಾದ್ದು, ಅಂದರೆ ನೀರಿನ ಅಂಚಿಗೇ ಸಾಗುವ ನಮ್ಮೂರ ರಸ್ತೆಯದು; ಕರಾಸ್ಕೊ ಅದರ ಆ ತುದಿ. ಇಪ್ಪತ್ತು ಕಿಲೋಮೀಟರು. ಹೋಗಿ ಬರಲು ನಲವತ್ತು. ಎಂಟನೇ ತರಗತಿಯಲ್ಲಿದ್ದಾಗ ಆತ ಅದನ್ನು ಒಮ್ಮೆ ಮಾಡಿದ್ದ. ನಡುವೆ ಕಳೆದದ್ದು ಬರೀ ನಲವತ್ತೆರಡು ವರ್ಷ ತಾನೇ!

ತಾನೂ ಬರುತ್ತೇನೆ ಎಂದಳು ನೀಬಿಯಾ. ಯಾಕೆ ಎಂದು ಆತ ಕೇಳಿದ್ದಕ್ಕೆ, ಅರ್ಧ ದಾರಿಯಲ್ಲಿ ಬಸ್ಸು ಹತ್ತಿದರೆ ನೋಡುವವರು ಬೇಕಲ್ಲ ಎಂದಳು.

ಸೋಮವಾರ ಪೂರ್ವಸಿದ್ಧತೆಯ ಕಾಲ್ನಡಿಗೆ ನಡೆಯಿತು. ನಾಲ್ಕು ಕಿಲೋಮೀಟರಿಗೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ಮಂಗಳವಾರ ಇಡೀ ದಿನ ಪಾದಗಳು ಉಪ್ಪುನೀರಿನ ಬೋಗುಣಿಯಲ್ಲಿ ವಿಹರಿಸಿದವು. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಕೆಳಮನೆಯವರ ಎರಡು ಸೈಕಲ್ ಎರವಲು ತಂದು ದಂಡು ಹೊರಟಿತು. ನೀಬಿಯಾಳದಕ್ಕೆ ಮುಂದೊಂದು ಬುಟ್ಟಿ ಇತ್ತು. ವಿಲ್ಮಾರ್‌ನದಕ್ಕೆ ಗಂಟೆ ಕೂಡ ಇರಲಿಲ್ಲ.

ಈ ಊರಿನ ಮನುಷ್ಯ ಮನೆಯಿಂದ ಹೊರಬಿದ್ದನೆಂದರೆ ಎಡ ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು ಇರಲೇಬೇಕು. ಎಡಗೈಯಲ್ಲಿ ಮಾಟೆ ಸೊಪ್ಪಿನ ಪುಡಿ ತುಂಬಿದ ಸೋರೆಬುರುಡೆ, ಅದರಲ್ಲೊಂದು ಲೋಹದ ಕೊಳವೆ. ನೀರು ಹೊಯ್ಯುವುದು, ಹೀರುವುದು, ಮತ್ತೆ ಹೊಯ್ಯುವುದು. ಮದುವೆಗೆ ಹೋದರೂ ಅಷ್ಟೆ, ಮಣ್ಣಿಗೆ ಹೋದರೂ ಅಷ್ಟೆ. ಎಡಗೈಯನ್ನು ಹೀಗೆ ಮಾಟೆಗೆ ಬರೆದುಕೊಟ್ಟ ಮೇಲೆ ಬಾಳಿನ ಉಳಿದ ಕೆಲಸಕ್ಕೆಲ್ಲ ಬಲಗೈ ಒಂದೇ.

"ಅದನ್ನ ನನ್ನ ಬುಟ್ಟಿಗೆ ಹಾಕು ಮುದುಕಾ, ಎರಡು ಕೈಲೂ ಹಿಡ್ಕೊಂಡು ಸೈಕಲ್ ಹೊಡಿ" ಎಂದಳು ನೀಬಿಯಾ.

ಚಡ್ಡಿ ಬಿಚ್ಚಿಟ್ಟು ಬಾ ಎಂದಿದ್ದರೂ ವಿಲ್ಮಾರ್ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ. "ಫ್ಲಾಸ್ಕ್ ಬುಟ್ಟೀಲಿ ಇಟ್ಕೊಂಡು ಹೋಗೋರು ಪರದೇಶದವರು. ನಾನು ಹುಟ್ಟಿದ್ದು ಇಲ್ಲೇ" ಎಂದವನೇ ಒಂದೇ ಕೈಯಲ್ಲಿ ಹೊರಟ.

ಹೊರಟ ಅಂದರೆ ಏನು ಹೊರಟ! ಸೈಕಲ್ಲು ಹಾರಿತು. ಪೆಡಲ್ ತುಳಿಯುವ ಮೊದಲೇ ಚಕ್ರ ತಿರುಗುತ್ತಿತ್ತು. ಪೊಸಿಟೊಸ್‌ನ ಎತ್ತರದ ಕಟ್ಟಡಗಳು ಸರಸರ ಹಿಂದೆ ಸರಿದವು. ಬಿಗಿ ಬಟ್ಟೆ ತೊಟ್ಟ ಸೈಕಲ್ ಹುಡುಗರ ಜೊತೆ ಜೊತೆಗೇ ಸ್ವಲ್ಪ ದೂರ ಹೋದ. ಹಿಂದೆ ಬರುತ್ತಿದ್ದ ಹೆಂಡತಿಗೆ ತಿರುಗಿ ತಿರುಗಿ ಉಪನ್ಯಾಸ ಕೊಟ್ಟ. ಎಲ್ಲ ತೊಡೆಯ ಸ್ನಾಯುವಿನಲ್ಲಿದೆಯಂತೆ. ಒಮ್ಮೆ ಕಲಿತ ದೇಹ ಮರೆಯುವುದಿಲ್ಲವಂತೆ. ತನ್ನ ಅಪ್ಪನ ಕಡೆಯವರ ಎಲುಬೇ ಅಂಥದ್ದಂತೆ.

"ಗಾಳಿ ಬೆನ್ನಿಗಿದೆ" ಎಂದಳು ನೀಬಿಯಾ.

"ಗಾಳೀನಾ? ಎಲ್ಲಿದೆ? ನನಗೆ ಒಂದು ಚೂರೂ ತಾಗ್ತಿಲ್ಲ."

ಒಂದು ಗಂಟೆ ಹತ್ತು ನಿಮಿಷಕ್ಕೆ ಕರಾಸ್ಕೊ ಬಂತು. ವಿಲ್ಮಾರ್ ನೀರಿನ ಕಡೆ ಮುಖ ಮಾಡಿ ನಿಂತು, ಎರಡು ಬುರುಡೆ ಮಾಟೆ ಹೀರಿ, ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತೇವೆ ಎಂದು ತೀರ್ಪು ಕೊಟ್ಟ. ಪಾಪ, ಈ ವಾರ ಪಾಠ ಕೇಳುವವರಿಲ್ಲದೆ ಒರೆಸ್ತೆಸ್‌ಗೆ ಎಷ್ಟು ಬೇಜಾರಾಗುತ್ತದೋ ಎಂದು ಕನಿಕರ ಕೂಡ ಪಟ್ಟ. ಆಮೇಲೆ ಸೈಕಲ್ ತಿರುಗಿಸಿದ.

ಗಾಳಿ ಎಲ್ಲಿದೆ ಎಂಬುದು ಆಗ ಗೊತ್ತಾಯಿತು.

ಕಪಾಳಕ್ಕೆ ಬಾರಿಸಿದ ಹಾಗೆ ಬಂತು. ಪೆಡಲ್ ತುಳಿದ, ಸೈಕಲ್ಲು ನಿಂತಲ್ಲೇ ನಡುಗಿತು. ಎದ್ದು ನಿಂತು ತುಳಿದ. ಪಕ್ಕದ ದೀಪದ ಕಂಬ ಪಕ್ಕದಲ್ಲೇ ಉಳಿಯಿತು. ಹತ್ತು ನಿಮಿಷವಾದ ಮೇಲೂ ಅದೇ ಕಂಬ, ಇಲ್ಲವೇ ಅದರ ತಮ್ಮ. ಮೊಮ್ಮಗುವಿನ ತಳ್ಳುಗಾಡಿ ತಳ್ಳಿಕೊಂಡು ಬಂದ ಅಜ್ಜಿಯೊಬ್ಬಳು ಆತನನ್ನು ದಾಟಿ ಮುಂದೆ ಹೋದಳು. ಹೋಗುವಾಗ ತಿರುಗಿ, ಬಿಡಬೇಡ ಮಗಾ, ಎಂದು ಧೈರ್ಯ ಬೇರೆ ಹೇಳಿದಳು. ಅಪ್ಪನ ಕಡೆಯ ಎಲುಬುಗಳು ಒಂದೊಂದಾಗಿ ಕೈಕೊಡುತ್ತಿದ್ದವು.

ಪುಂಟಾ ಗೊರ್ಡಾದ ಇಳಿಜಾರು ಬಂದಾಗ ವಿಲ್ಮಾರ್‌ಗೆ ಜೀವ ಬಂತು. ಇಳಿಜಾರಲ್ಲವೇ, ಇನ್ನು ಗಾಳಿಯ ಆಟ ನಡೆಯುವುದಿಲ್ಲ ಎಂದುಕೊಂಡು ಸೈಕಲ್ ಬಿಟ್ಟ. ಹಾಗೇ ಒಂದು ಗುಟುಕು ಹೀರೋಣ ಎಂದು ಎಡಗೈಯನ್ನು ಬಾಯಿಯ ಹತ್ತಿರ ತಂದ. ಅದೇ ಹೊತ್ತಿಗೆ ಎದುರಿನಿಂದ ಗಾಳಿ ಬೀಸಿತು. ಬುರುಡೆಯ ಮೇಲ್ಗಡೆ ಇದ್ದ ಒಣಪುಡಿಯೆಲ್ಲ ಎದ್ದು ನೇರವಾಗಿ ಎರಡೂ ಕಣ್ಣಿಗೆ ನುಗ್ಗಿತು.

ಕಣ್ಣು ಉಜ್ಜಬೇಕು. ಯಾವ ಕೈಯಲ್ಲಿ? ಎಡಗೈಯಲ್ಲಿ ಬುರುಡೆ, ಕಂಕುಳಲ್ಲಿ ಫ್ಲಾಸ್ಕು. ಭೂಮಿಯ ಮೇಲಿನ ಬೇರೆ ಯಾವ ದೇಶದವನಾದರೂ ಫ್ಲಾಸ್ಕು ಕೈಬಿಡುತ್ತಿದ್ದ. ವಿಲ್ಮಾರ್ ಹ್ಯಾಂಡಲ್ ಕೈಬಿಟ್ಟ!

ಮುಂದಿನದು ಆತನಿಗೆ ಕಾಣಿಸಲಿಲ್ಲ, ಕೇಳಿಸಿತು ಅಷ್ಟೆ. ರಸ್ತೆಯಂಚಿನಲ್ಲಿ ಮಡಚುಕುರ್ಚಿಗಳನ್ನು ಸುತ್ತ ಹಾಕಿಕೊಂಡು ಐದಾರು ಮಂದಿ ಮುದುಕರು ಮಾಟೆ ಕುಡಿಯುತ್ತಿದ್ದರು. ಸೈಕಲ್ಲು ಒಂದು ಖಾಲಿ ಕುರ್ಚಿಯನ್ನು ಉರುಳಿಸಿ, ಬೆಣ್ಣೆಬನ್ನಿನ ತಟ್ಟೆಯ ಮೇಲೆ ಹಾದು, ತಡೆಗೋಡೆಗೆ ಢಿಕ್ಕಿ ಹೊಡೆದು ನಿಂತಿತು. ವಿಲ್ಮಾರ್ ಅಂಗಾತ ಬಿದ್ದಿದ್ದ. ಫ್ಲಾಸ್ಕು ಮಾತ್ರ ನೆಲಕ್ಕೆ ತಾಗದಂತೆ ಮೇಲೆತ್ತಿ ಹಿಡಿದಿದ್ದ.

ಎಲ್ಲರೂ ಓಡಿ ಬಂದರು. ಅವರಲ್ಲಿ ಹಿರಿಯನಾದವನು ಬಗ್ಗಿ ಗಾಬರಿಯಿಂದ ಕೇಳಿದ: "ಒಡೀತಾ?"

"ಇಲ್ಲ" ಎಂದ ವಿಲ್ಮಾರ್ ಕಣ್ಣು ಮುಚ್ಚಿಕೊಂಡೇ.

ಎಲ್ಲರೂ ನಿಟ್ಟುಸಿರು ಬಿಟ್ಟರು. ಆಮೇಲೆ ಯಾರೋ, ನಿಮಗೇನಾದರೂ ಪೆಟ್ಟಾಯಿತೇ ಎಂದೂ ವಿಚಾರಿಸಿದರು.

ಮೊಣಕೈ ತರಚಿತ್ತು, ಅಂಗಿಗೆ ಬೆಣ್ಣೆ ಮೆತ್ತಿತ್ತು, ಅಷ್ಟೆ. ಆದರೆ ಸೈಕಲ್ಲಿನ ಮುಂದಿನ ಚಕ್ರ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸುರುಟಿಕೊಂಡಿತ್ತು. ನೀಬಿಯಾ ಬಂದು ಆತನ ಕಣ್ಣಿಗೆ ತಣ್ಣೀರು ಚಿಮುಕಿಸಿ ಒರೆಸಿದಳು. ಸಾಕು, ಬಸ್ಸಿಗೆ ಹೋಗೋಣ ಎಂದಳು. ಆಕೆಗೆ ನಿಜಕ್ಕೂ ಹೆದರಿಕೆಯಾಗಿತ್ತು.

ವಿಲ್ಮಾರ್ ಎದ್ದು ನಿಂತ. ಬಸ್ಸೆಂದರೆ ಗುರುವಾರ. ಗುರುವಾರವೆಂದರೆ ಪಿರಿಯಾಪೊಲಿಸ್. ಪಿರಿಯಾಪೊಲಿಸ್ ಎಂದರೆ ನಾಲ್ಕು ಸಂಜೆ, ನಾಲ್ಕು ಬೆಂಕಿ! "ಚಕ್ರ ಹೋದ್ರೆ ಹೋಗ್ಲಿ. ಕಾಲು ಇನ್ನೂ ಎರಡಿದೆ" ಎಂದ.

ಹಾಗೆ ಆ ನಡಿಗೆ ಶುರುವಾಯಿತು. ಹದಿನಾಲ್ಕು ಕಿಲೋಮೀಟರು. ಸೈಕಲ್ಲಿನ ಮುಂದಿನ ಚಕ್ರ ಉರುಳದ ಕಾರಣ ಅದನ್ನು ಬಲಗೈಯಲ್ಲಿ ಎತ್ತಿ ಹಿಡಿದು ಹಿಂದಿನ ಚಕ್ರದ ಮೇಲೆ ತಳ್ಳಬೇಕು. ಸೋಮವಾರದ ಬೊಬ್ಬೆಗಳು ಒಡೆದವು, ಬುಧವಾರದವು ಹುಟ್ಟಿದವು. ಐದು ನಿಮಿಷಕ್ಕೊಂದು ಬಸ್ಸು ಪಕ್ಕದಲ್ಲೇ ನಿಂತು, ಬಾಗಿಲು ತೆರೆದು, ಮುಚ್ಚಿಕೊಂಡು ಹೋಗುತ್ತಿತ್ತು. ಒಳಗೆ ಸೀಟುಗಳೆಲ್ಲ ಖಾಲಿ. ವಿಲ್ಮಾರ್‌ಗೆ ಅಳು ಬರುವಷ್ಟು ಸುಸ್ತಾಗಿತ್ತು. ತಾನೇ ತೋಡಿಕೊಂಡ ಹಳ್ಳವಾದ್ದರಿಂದ ಅಳುವ ಹಾಗೂ ಇರಲಿಲ್ಲ.

ನೀಬಿಯಾ ತನ್ನ ಸೈಕಲ್ಲಿನಿಂದ ಇಳಿದು ಆತನ ಪಕ್ಕದಲ್ಲೇ ನಡೆಯುತ್ತಿದ್ದಳು. ಒಂದು ಬಸ್ಸು ಹೋದ ಮೇಲೆ ಕೇಳಿದಳು: "ಅಲ್ಲಿಗೆ ಹೋಗೋದು ನಿನಗೆ ಇಷ್ಟೊಂದು ಕಷ್ಟನಾ?"

"ಇಪ್ಪತ್ತು ವರ್ಷದಲ್ಲಿ ಒಂದು ಕಡ್ಡಿ ಗೀರೋಕೆ ಬಿಟ್ಟಿಲ್ಲ ಅವನು ನನ್ನ."

"ನನಗೆ ಬೆಂಕಿಯೂ ಬೇಡ, ಮಾಂಸವೂ ಬೇಡ. ಅಕ್ಕನ ಪಕ್ಕ ಕೂತ್ಕೊಂಡು, ಯಾರಿಗೂ ಬೇಯಿಸಿ ಹಾಕದೆ, ಸುಮ್ನೆ ನೀರು ನೋಡ್ಬೇಕು ಅಷ್ಟೇ."

ಆಕೆ ಹೇಳಿದ್ದು ನ್ಯಾಯವಾಗಿತ್ತು. ಇನ್ನೊಂದು ಬಸ್ಸು ಬಂತು, ಬಾಗಿಲು ತೆರೆಯಿತು. ಆತ ಅದನ್ನೇ ನೋಡಿದ. ಒಳಗೆ ಒರೆಸ್ತೆಸ್ ಕೂತು ಕಾಗದ ಮುದುರುತ್ತಿರುವಂತೆ ಕಂಡಿತು. ತಲೆ ತಗ್ಗಿಸಿ ಮುಂದೆ ನಡೆದ.

ಬುಸೆಯೊ ಬಂದರಿನ ಹತ್ತಿರ ಫ್ಲಾಸ್ಕಿನ ನೀರು ಖಾಲಿಯಾಯಿತು. ಮಾಟೆ ಇಲ್ಲದೆ ಒಂದು ಹೆಜ್ಜೆ ಮುಂದಿಡಲಾರೆ ಎಂದು ವಿಲ್ಮಾರ್, ಮಾಟೆಗೆಂದೇ ಬಿಸಿನೀರು ಕೊಡುವ ಪೆಟ್ರೋಲ್ ಬಂಕಿಗೆ ಹೋಗಿ ಸಾಲಿನಲ್ಲಿ ನಿಂತ. ರಜೆಯ ವಾರ, ಸಾಲು ಉದ್ದವಿತ್ತು. ನೀಬಿಯಾ ಆಚೆ ಕಟ್ಟೆಯ ಮೇಲೆ ಕೂತು ಫೋನು ಹಚ್ಚಿದಳು. ಮಾತಾಡಿದಳು, ನಕ್ಕಳು, ಮತ್ತೆ ಮಾತಾಡಿದಳು. ನಾಳೆ ಬರುತ್ತೇವೆ ಎಂದು ಅಕ್ಕನಿಗೆ ಹೇಳುತ್ತಿದ್ದಾಳೆ ಎಂದು ವಿಲ್ಮಾರ್‌ಗೆ ಖಾತ್ರಿಯಾಯಿತು. ತಾನು ಸೋಲುವ ಮೊದಲೇ ಸೋಲಿನ ಸುದ್ದಿ ಊರು ದಾಟಿತೇ! ರೋಷ ಉಕ್ಕಿ ಬಂತು. ಉಳಿದ ಒಂಬತ್ತು ಕಿಲೋಮೀಟರು ನಡೆಸಿದ್ದು ಆ ರೋಷವೇ.

ಸಂಜೆ ಐದೂವರೆಗೆ ಮನೆಯ ಬಾಗಿಲು ಬಂತು. ಮೂರು ಮಹಡಿಯ ಮೆಟ್ಟಿಲನ್ನು ಆತ ಹತ್ತಿದ್ದಲ್ಲ, ಏರಿದ್ದೂ ಅಲ್ಲ. ಒಂದೊಂದು ಮೆಟ್ಟಿಲ ಮೇಲೂ ಕೂತು, ಹಿಂದು ಹಿಂದಕ್ಕೆ ಜರುಗಿದ್ದು. ಸೋಫಾ ಮುಟ್ಟಿದವನೇ, "ಗೆದ್ದೆ" ಎಂದ.

"ಗೆದ್ದೆ. ಯಾರು ಇಲ್ಲ ಅಂದ್ರು" ಎನ್ನುತ್ತ ನೀಬಿಯಾ ಬೋಗುಣಿಯಲ್ಲಿ ಬಿಸಿನೀರು ತಂದು, ಉಪ್ಪು ಹಾಕಿ, ಆತನ ಕಾಲುಗಳನ್ನು ಒಂದೊಂದಾಗಿ ಎತ್ತಿ ಒಳಗಿಟ್ಟಳು. ಆಹಾ! ನಾಳೆಯಿಂದ ಭಾನುವಾರದವರೆಗೆ ಈ ಸೋಫಾ, ಈ ಬೋಗುಣಿ. ಷಡ್ಡಕನಿಲ್ಲದ ನಾಲ್ಕು ದಿನ. ವಿಲ್ಮಾರ್‌ನ ಕಣ್ಣು ತಾನಾಗಿ ಮುಚ್ಚಿತು.

ಅಷ್ಟರಲ್ಲಿ ಕರೆಗಂಟೆ ಹೊಡೆದುಕೊಂಡಿತು.

ಬಾಗಿಲಲ್ಲಿ ಒರೆಸ್ತೆಸ್! ಮೈಗೆ ಅಂಟಿದ ಕರೀ ಚಡ್ಡಿ, ತಲೆಗೆ ಶಿರಸ್ತ್ರಾಣ, ಹೆಗಲ ಮೇಲೆ ಹೊಚ್ಚ ಹೊಸ ಸೈಕಲ್ಲು. ಹಿಂದೆ ಮಿರ್ತಾ.

"ನೀಬಿಯಾ ಫೋನಲ್ಲಿ ಎಲ್ಲಾ ಹೇಳಿದ್ಲು ಕಣಯ್ಯಾ" ಎಂದ ಒರೆಸ್ತೆಸ್, ಸೈಕಲ್ಲನ್ನು ಗೋಡೆಗೆ ಒರಗಿಸುತ್ತಾ. "ಕರಾಸ್ಕೊಗೆ ಹೋಗಿ ವಾಪಸ್ಸು, ಅದೂ ಒಂದೇ ಕೈಲಿ. ಕೇಳಿದ್ಮೇಲೆ ಮನೇಲಿ ಕೂರೋಕಾಗ್ಲಿಲ್ಲ. ಭಾನುವಾರದವರೆಗೂ ಇಲ್ಲೇ ಇರ್ತೀನಿ. ನಾಳೆ ಆರು ಗಂಟೆಗೆ ಹೊರಡೋಣ. ನೀನು ಪೆಡಲ್ ತುಳಿಯೋದ್ರಲ್ಲೇ ಏನೋ ತಪ್ಪಿರ್ಬೇಕು, ಇಲ್ದಿದ್ರೆ ಇಷ್ಟು ಸುಸ್ತಾಗ್ತಿರ್ಲಿಲ್ಲ. ನಾನು ಹೇಳ್ಕೊಡ್ತೀನಿ." ಆಮೇಲೆ ಬೋಗುಣಿಯೊಳಗೆ ಬಗ್ಗಿ ನೋಡಿ, ಉಪ್ಪು ಹಾಕಿದ ಕ್ರಮವೂ ಸರಿಯಿಲ್ಲ ಎಂದ.

ವಿಲ್ಮಾರ್ ಹೆಂಡತಿಯ ಕೈ ಹಿಡಿದುಕೊಂಡು ಪಿಸುಗುಟ್ಟಿದ: "ನೀಬಿಯಾ, ನಾನು ಸೋತೆ ಅಂತಲೇ ಇಟ್ಕೋ. ಬಾ, ಪಿರಿಯಾಪೊಲಿಸ್‌ಗೆ ಹೋಗೋಣ. ಈಗಲೇ."

ನೀಬಿಯಾ ಮೆಲ್ಲಗೆ ಕೈ ಬಿಡಿಸಿಕೊಂಡಳು. ಕೋಣೆಗೆ ಹೋಗಿ ಒಂದು ಸಣ್ಣ ಚೀಲ ಹಿಡಿದುಕೊಂಡು ಬಂದಳು. ಮಿರ್ತಾ ಕಾರಿನ ಕೀಲಿಕೈ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು.

"ಹೊರಟಿದ್ದೀವಲ್ಲ, ನಾನೂ ಅಕ್ಕನೂ. ಅಕ್ಕನ ಮನೆ ಈಗ ಖಾಲಿ, ಬೆಂಕಿ ಹಾಕೋರಿಲ್ಲ, ಬೇಯಿಸೋದೂ ಇಲ್ಲ" ಎನ್ನುತ್ತ ನೀಬಿಯಾ ಬಗ್ಗಿ ಆತನ ಹಣೆಗೆ ಮುತ್ತಿಟ್ಟಳು. "ನೀನು ಯಾಕೆ ಬರ್ಬೇಕು ಮುದುಕಾ? ಪಂದ್ಯ ಗೆದ್ದಿದ್ದು ನೀನಲ್ವಾ."