ಬರ್ಮಾದ ಫೋಟೊಗೊಂದು ಇಸವಿ

ಬೆಳಿಗ್ಗೆ ಚಹಾ ಆರುವ ಮೊದಲೇ ತ್ರಾಸಿಯ ರವಿಚಂದ್ರ ಮಾಸ್ತರರು ಮಹಾಯುದ್ಧದ ಒಂದು ಒಗಟು ಬಿಡಿಸಿಬಿಟ್ಟಿದ್ದರು. ವಿದೇಶದ ಸಂಗ್ರಹಾಲಯವೊಂದು ಬರ್ಮಾದಲ್ಲಿ ತೆಗೆದ ಸಿಪಾಯಿಗಳ ಫೋಟೊ ಇಂಟರ್‌ನೆಟ್ಟಿಗೆ ಹಾಕಿ, ‘ಇವರು ಯಾರು? ಯಾವ ಇಸವಿ?’ ಎಂದು ಕೇಳಿತ್ತು. ಎಡತುದಿಯವನ ಕಿವಿಗಳು ತಲೆಗೆ ಕಪ್ಪೆಚಿಪ್ಪು ಅಂಟಿಸಿದ ಹಾಗಿದ್ದವು. ಹೆಂಡತಿ ಸುಗುಣಳ ಅಜ್ಜನೇ, ಅನುಮಾನವಿಲ್ಲ. ಆಯುಷ್ಯವಿಡೀ ಇತಿಹಾಸ ಕಲಿಸಿದವರು ಹಿಂದೆಮುಂದೆ ನೋಡಲಿಲ್ಲ. ಹೆಸರು ಬರೆದು, ‘1944. ಆ ವರ್ಷವಿಡೀ ಈ ಪಡೆಯ ಒಬ್ಬನೂ ಊರಿಗೆ ಹೋಗಿಲ್ಲ’ ಎಂದು ಸೇರಿಸಿದರು.

ಪಕ್ಕದ ಮನೆಯ ಕಿಟ್ಟ ಅದನ್ನು ನೆಂಟರ ವಾಟ್ಸಾಪ್ ಗುಂಪಿಗೆಲ್ಲ ಹಂಚಿದ. ಮಧ್ಯಾಹ್ನದೊಳಗೆ ಉಪ್ಪುಂದದಿಂದ ರಿಕ್ಷಾ ಬಂತು. ಇಳಿದವರು ಸುಗುಣಳ ತಾಯಿ, ಅತ್ತೆ ಪ್ರಭಾವತಿ, ಹಿಂದೆ ಅವರ ಅಣ್ಣ ಶೇಖರ ಶೆಟ್ಟರು.

“ಅಳಿಯ, ಅಪ್ಪಯ್ಯ ಆ ವರ್ಷ ಪೂರಾ ಬರ್ಮಾದಗೇ ಇದ್ದಿದ್ರಾ?” ಅತ್ತೆ ಕೇಳಿದರು.

“ಹೌದತ್ತೆ. ಒಂದ್ ದಿನವೂ ರಜೆ ಸಿಕ್ಕಲಿಲ್ಲ.”

“ನಾನ್ ಹುಟ್ಟದ್ದ್ ನಲವತ್ತೈದರ ನಾಗರಪಂಚಮಿಗೆ.”

ಬೇಲಿಯಾಚೆ ಕಿಟ್ಟ ಬೆರಳು ಮಡಚಿ ತಿಂಗಳು ಎಣಿಸಿದ. ಸುಗುಣ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಮಾಸ್ತರರ ಮುಖ ಬಿಸಿಲಿಗೆ ಹಾಕಿದ ಬಂಗುಡೆಯಂತೆ ಮುದುಡಿತು.

ಶೇಖರ ಶೆಟ್ಟರು ಕೋಲು ಕುಟ್ಟಿದರು. “ನಮ್ಮಮ್ಮನ ಮರ್ಯಾದಿ ಎಂತ ಆಪುದ್? ಒಂದ್ ವರ್ಷ ಹಿಂದ್ ಹಾಕಿ. ನಲವತ್ಮೂರ್ ಅಂತ ಬರೀರಿ.”

“ಅದ್ ಹ್ಯಾಂಗ್ ಆತ್ತ್ ಮಾವ? ಫೋಟೊದಗೆ ಹಿಂದಿಪ್ಪ ಯುದ್ಧದ ಟ್ಯಾಂಕ್ ಕಾಣಿ, ಅದ್ ಬಂದದ್ದೇ ನಲವತ್ನಾಲ್ಕಕ್ಕೆ...”

“ಟ್ಯಾಂಕಿಗೆ ಎಂತ ಗೊತ್ತಿತ್ತ್? ಬರೀರಿ.”

ಮಾಸ್ತರರು ಬರೆದರು: ‘ನಾನು ಹೇಳಿದ್ದು ತಪ್ಪು. ಫೋಟೊ 1943ರದ್ದು. ರಜೆ ಸಿಗದ ವರ್ಷವೂ ಅದೇ.’ ಕಿಟ್ಟ ಅದನ್ನೂ ಹಂಚಿದ. ಅತ್ತೆಗೆ ಉಸಿರು ಬಂತು. ಸುಗುಣ ಎಲ್ಲರಿಗೂ ಪಾಯಸ ತಂದಳು. ಕಿಟ್ಟನೂ ಬಂದು ಲೋಟ ಹಿಡಿದ.

“ಶೇಖರಣ್ಣ, ನೀವ್ ಪ್ರಭಕ್ಕನ ಅಣ್ಣ ಅಲ್ದಾ? ನೀವ್ ಹುಟ್ಟದ್ದ್ ಯಾವಾಗ?”

“ನಲವತ್ನಾಲ್ಕು, ಶಿವರಾತ್ರಿ ದಿನ,” ಎಂದ ಶೆಟ್ಟರು ಲೋಟವನ್ನು ಬಾಯಿಯವರೆಗೆ ತಂದು ಅಲ್ಲೇ ನಿಲ್ಲಿಸಿದರು.

ಕಿಟ್ಟ ಮತ್ತೆ ಬೆರಳು ಮಡಚಿದ. ಕೊನೆಗೆ ಶೆಟ್ಟರೇ ಮೆಲ್ಲಗೆ, “ಅಳಿಯ, ಅದ್ ನಮ್ ಅಪ್ಪಯ್ಯನೇ ಅಲ್ಲ ಅಂತ ಬರೀರಿ,” ಎಂದರು.

ಮಾಸ್ತರರು ಫೋನ್ ತೆರೆದರು. ಸಂಗ್ರಹಾಲಯ ಧನ್ಯವಾದ ಹೇಳಿ, ಊರೂರಿಗೆ ಹೋಗುವ ಪ್ರದರ್ಶನದ ಪೋಸ್ಟರನ್ನೇ ಕಳಿಸಿತ್ತು. ಅಜ್ಜನ ಹೆಸರು, 1943 ಎಂಬ ಇಸವಿ, ರಜೆ ಸಿಗದ ಸಂಗತಿ ಎಲ್ಲವೂ ಅಚ್ಚಾಗಿದ್ದವು. ಕೆಳಗೆ ದಪ್ಪ ಅಕ್ಷರದಲ್ಲಿ: ‘ಖಚಿತಪಡಿಸಿದವರು, ಮನೆಯ ಅಳಿಯ ರವಿಚಂದ್ರ.’