ಆರುನೂರ ಎಂಟರ ಪೆಟ್ರೋಲ್ ಯಾತ್ರೆ

ಚಿಕ್ಕಬಳ್ಳಾಪುರದಲ್ಲಿ ಪೆಟ್ರೋಲ್ ಬಂಕುಗಳಿಗೇನೂ ಬರವಿಲ್ಲ. ಚೆನ್ನಕೇಶವಯ್ಯನವರ ಮನೆಯ ಮಹಡಿ ಮೇಲೆ ನಿಂತರೆ ಒಂದು ಬಂಕು ಕಣ್ಣಿಗೇ ಕಾಣುತ್ತದೆ. ಆದರೂ ಅವರು ದಿನಾ ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿ, ಇಸ್ತ್ರಿ ಮಾಡಿದ ಷರ್ಟು ತೊಟ್ಟು, ಎರಡೂವರೆ ಲೀಟರ್ ಪೆಟ್ರೋಲಿಗಾಗಿ ಹದಿನಾರು ಕಿಲೋಮೀಟರ್ ದೂರದ ಪೆರೇಸಂದ್ರಕ್ಕೆ ಹೋಗುತ್ತಿದ್ದರು. ಹೋಗಿ ಬರುವಷ್ಟರಲ್ಲಿ ಆ ಎರಡೂವರೆ ಲೀಟರೂ ಉರಿದು ಹೋಗಿರುತ್ತಿತ್ತು. ಆದ್ದರಿಂದ ಮಾರನೇ ದಿನ ಮತ್ತೆ ಪೆಟ್ರೋಲಿಗೆ ಹೋಗಲೇಬೇಕಾಗುತ್ತಿತ್ತು.

ಇದನ್ನು ಹುಚ್ಚು ಅನ್ನಬೇಡಿ. (ಅವರ ಧರ್ಮಪತ್ನಿ ಕನಕಲಕ್ಷ್ಮಮ್ಮ ಆಗಲೇ ಅಂದಾಗಿದೆ.) ಇದು ಕಾನೂನು.

ಕಾರು ಚೆನ್ನಕೇಶವಯ್ಯನವರ ತಂದೆ, ವಕೀಲ ಅಚ್ಯುತರಾಯರದು. ಅರವತ್ಮೂರನೇ ಇಸವಿಯ ಫಿಯಟ್. ರಾಯರು ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ಹಿತ್ತಲಿನ ಷೆಡ್ಡಿನಲ್ಲಿ ಅಜ್ಞಾತವಾಸ ಮಾಡಿತು. ಆ ಅವಧಿಯಲ್ಲಿ ಅದರ ಬಾನೆಟ್ ಮೇಲೆ ಕನಕಲಕ್ಷ್ಮಮ್ಮ ಒಣಗಿಸಿದ ಸಂಡಿಗೆಯನ್ನು ಒಂದು ತಾಲ್ಲೂಕಿಗೆ ಹಂಚಬಹುದಿತ್ತು. ಖಜಾನೆ ಇಲಾಖೆಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದ ಮರುದಿನವೇ ಚೆನ್ನಕೇಶವಯ್ಯ ಸಂಡಿಗೆ ಎತ್ತಿಸಿ ಕಾರಿಗೆ ಜೀವ ಕೊಡಲು ಕೂತರು. ಮೂರು ವರ್ಷ ಹಿಡಿಯಿತು. ಕೊನೆಗೊಂದು ದಿನ ಅದು ಕೆಮ್ಮಿ, ಸೀನಿ, ಗುಡುಗಿ, ಆಮೇಲೆ ಜೇನುಗೂಡಿನ ಹಾಗೆ ಸಣ್ಣಗೆ ಗುಂಯ್‌ಗುಟ್ಟಿದಾಗ ಅವರು ಕಣ್ಣೊರೆಸಿಕೊಂಡರು. ಮಗಳ ಮದುವೆಯಲ್ಲೂ ಅವರ ಕಣ್ಣು ಒದ್ದೆಯಾಗಿರಲಿಲ್ಲ.

ಆದರೆ ನಿಜವಾದ ಹೆಮ್ಮೆ ಕಾರಿನದಲ್ಲ, ನಂಬರ್ ಪ್ಲೇಟಿನದು. ಕಪ್ಪು ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ಕೈಯಲ್ಲೇ ಬರೆದ ಮೈಸೂರು ರಾಜ್ಯದ ಕಾಲದ ನಂಬರು, ಆರುನೂರ ಎಂಟು. ಪೇಂಟರ್ ಬರೆಯುವಾಗ ಅಚ್ಯುತರಾಯರು ಪಕ್ಕದಲ್ಲೇ ಸ್ಕೇಲು ಹಿಡಿದು ನಿಂತಿದ್ದರಂತೆ. ಊರಿನವರು ರಾಯರ ಹೆಸರು ಮರೆತರೂ ‘ಸಿಕ್ಸ್ ನಾಟ್ ಎಯ್ಟ್ ಲಾಯರು’ ಎಂದರೆ ನೆನಪಿಸಿಕೊಳ್ಳುತ್ತಿದ್ದರು. ರಾಜ್ಯದ ಹೆಸರೇ ಬದಲಾಯಿತು, ಜಿಲ್ಲೆ ಒಡೆದು ಎರಡಾಯಿತು, ನಂಬರು ಮಾತ್ರ ಬದಲಾಗಲಿಲ್ಲ.

ಆ ನಂಬರನ್ನು ಹಾಗೇ ಉಳಿಸಿಕೊಳ್ಳಲು ಚೆನ್ನಕೇಶವಯ್ಯ ಸಾರಿಗೆ ಕಚೇರಿಗೆ ಒಂಬತ್ತು ಸಲ ಅಲೆದು, ಕಾರಿಗೆ ‘ವಿಂಟೇಜ್ ವಾಹನ’ ಎಂಬ ಅಧಿಕೃತ ಬಿರುದು ಪಡೆದರು. ಬಿರುದಿನ ಜೊತೆ ನಿಯಮವೂ ಬಂತು. ಇಂಥ ವಾಹನವನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ ಮತ್ತು ಪೆಟ್ರೋಲ್ ಹಾಕಿಸುವುದಕ್ಕೆ ಮಾತ್ರ ಹೊರಡಬಹುದು. ಯಾವ ಬಂಕು ಎಂದು ನಿಯಮ ಹೇಳಿರಲಿಲ್ಲ. ಮೂವತ್ನಾಲ್ಕು ವರ್ಷ ಬೇರೆಯವರ ಬಿಲ್ಲುಗಳಲ್ಲಿ ತಪ್ಪು ಹುಡುಕಿದ್ದ ಕಣ್ಣಿಗೆ ಈ ಸಂದು ಕಾಣದೆ ಇರುತ್ತದೆಯೇ?

ಹೀಗೆ ಶುರುವಾದದ್ದು ಪೆರೇಸಂದ್ರದ ನಿತ್ಯಯಾತ್ರೆ. ಕಾರಿನ ಮುಂಗಾಜಿನ ಒಳಗೆ ಆ ನಿಯಮದ ಗೆಜೆಟ್ ಪ್ರತಿ, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದದ್ದು. ದಾರಿಯಲ್ಲಿ ಪೊಲೀಸರು ಯಾರಾದರೂ ಕೈ ಅಡ್ಡ ಹಿಡಿದರೆ ಚೆನ್ನಕೇಶವಯ್ಯ ಅದನ್ನು ಎತ್ತಿ ಓದಲು ಶುರು ಮಾಡುತ್ತಿದ್ದರು. ಎರಡನೇ ಸಾಲಿಗೇ ಪೊಲೀಸರು ಕೈಮುಗಿದು ಬಿಟ್ಟುಬಿಡುತ್ತಿದ್ದರು.

“ಗ್ಯಾಸ್ ಆಫೀಸ್ ತನಕ ಬಿಡ್ತೀರಾ?” ಎಂದು ಕನಕಲಕ್ಷ್ಮಮ್ಮ ಕೇಳಿದರೆ, “ನಿಯಮದಲ್ಲಿ ಗ್ಯಾಸ್ ಇಲ್ಲ ಕಣೇ.”

“ದೇವಸ್ಥಾನ?”

“ಇಲ್ಲ.”

“ನನಗೆ ಹಾರ್ಟ್ ಅಟ್ಯಾಕ್ ಆದ್ರೆ?”

ಚೆನ್ನಕೇಶವಯ್ಯ ಗೆಜೆಟ್ ಪ್ರತಿಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ಓದಿ, “ಆಂಬುಲೆನ್ಸ್ ಇದೆಯಲ್ಲ” ಎಂದರು. ಆ ರಾತ್ರಿ ಅವರಿಗೆ ಉಪ್ಪಿಲ್ಲದ ಸಾರು ಸಿಕ್ಕಿತು. ಆದರೂ ಅವರು ಜಗ್ಗಲಿಲ್ಲ. ಒಂದು ಸಲ ತಪ್ಪಿದರೆ ಯಾರಾದರೂ ಮೇಲಕ್ಕೆ ಬರೆಯುತ್ತಾರೆ, ಅಪ್ಪನ ನಂಬರು ಹೋಗುತ್ತದೆ ಎಂಬ ಭಯ ಅವರಿಗೆ ನಿಜವಾಗಿಯೂ ಇತ್ತು. ತಮ್ಮ ಕೈಯಲ್ಲಿ ಅದು ಹೋಯಿತು ಅನ್ನಿಸಿಕೊಳ್ಳಬಾರದು ಎಂಬುದೊಂದೇ ಅವರ ಚಿಂತೆ.

ಹೀಗಿರುವಾಗ ಚಿಂತಾಮಣಿಯಲ್ಲಿ ಕನಕಲಕ್ಷ್ಮಮ್ಮನವರ ತಮ್ಮ ಮೋಹನ್‌ಬಾಬು ತನ್ನ ಮಗಳು ಶಿರೀಷಾಳ ಸೀಮಂತ ಇಟ್ಟುಕೊಂಡ. ತವರಿನ ಹೆಂಗಸರೆಲ್ಲ ಒಬ್ಬೊಬ್ಬರು ಒಂದೊಂದು ಕಾರಿನಲ್ಲಿ ಬಂದಿಳಿಯುವಾಗ, ತಾವು ಮಾತ್ರ ಶಿಡ್ಲಘಟ್ಟದಲ್ಲಿ ಬಸ್ಸು ಬದಲಿಸಿ, ಸೀರೆಯ ನೆರಿಗೆ ಕೈಯಲ್ಲಿ ಹಿಡಿದು ಹೋಗುವುದು ಆಕೆಗೆ ಸಾಕಾಗಿತ್ತು. ಆ ದಿನ ಬೆಳಿಗ್ಗೆ ಚೆನ್ನಕೇಶವಯ್ಯ ಕೀ ತಿರುಗಿಸುತ್ತಿದ್ದಾಗ ಆಕೆ ರೇಷ್ಮೆ ಸೀರೆ ಉಟ್ಟು ಬಂದು ಹಿಂದಿನ ಬಾಗಿಲು ತೆಗೆದು ಕೂತರು.

“ಏನಿದು?”

“ಪೆಟ್ರೋಲಿಗೆ ಹೊರಟ್ರಲ್ಲ, ಹೋಗಣ ನಡೀರಿ.”

“ನಾನು ಹೋಗ್ತಿರೋದು ಪೆರೇಸಂದ್ರಕ್ಕೆ.”

“ಚಿಂತಾಮಣೀಲಿ ಪೆಟ್ರೋಲ್ ಸಿಗಲ್ವಾ?”

“ಸಿಗುತ್ತೆ.”

“ಯಾವ ಬಂಕು ಅಂತ ನಿಯಮದಲ್ಲಿದೆಯಾ?”

ತಾವೇ ತೋಡಿದ ದಾರಿಯಲ್ಲಿ ಹೆಂಡತಿ ನಡೆದು ಬಂದು ಎದುರಿಗೆ ನಿಂತಾಗ ಯಾವ ಗಂಡ ತಾನೇ ಏನು ಹೇಳಿಯಾನು? ಚೆನ್ನಕೇಶವಯ್ಯ ಗಾಡಿಯನ್ನು ಚಿಂತಾಮಣಿ ಕಡೆ ತಿರುಗಿಸಿದರು.

ಆ ಪ್ರಯಾಣದ ವೈಭವ ನೋಡಬೇಕಿತ್ತು. ಹಿಪ್ಪುನೇರಳೆ ತೋಟಗಳ ನಡುವೆ ಗಂಟೆಗೆ ಮೂವತ್ತೈದು ಕಿಲೋಮೀಟರಿನ ರಾಜಗಾಂಭೀರ್ಯ. ಸೊಪ್ಪು ಕೊಯ್ಯುತ್ತಿದ್ದ ಹೆಂಗಸರು ನೆಟ್ಟಗೆ ನಿಂತು ನೋಡಿದರು. ಬೈಕಿನ ಹುಡುಗರು ಪಕ್ಕಕ್ಕೆ ಬಂದು ಫೋಟೋ ಹೊಡೆದರು. ಒಬ್ಬರು ಮುದುಕರಂತೂ ನಂಬರ್ ಪ್ಲೇಟ್ ನೋಡಿ, “ನಮ್ಮ ಮೈಸೂರು ನಂಬರು!” ಎಂದು ಕೈಯೆತ್ತಿ ಮುಗಿದರು. ಚೆನ್ನಕೇಶವಯ್ಯ ಅದನ್ನು ತಂದೆಗೆ ಸಂದ ನಮಸ್ಕಾರವೆಂದು ಸ್ವೀಕರಿಸಿ, ಅವರ ಪರವಾಗಿ ತಲೆ ಬಾಗಿಸಿದರು. ಹಿಂದೆ ಕೂತ ಕನಕಲಕ್ಷ್ಮಮ್ಮ ಅದನ್ನು ತಮಗೇ ಸಂದದ್ದೆಂದು ಸ್ವೀಕರಿಸಿದರು.

ಚಿಂತಾಮಣಿಯಲ್ಲಿ ಸೀಮಂತದ ಹುಡುಗಿಯನ್ನು ಹಸೆಮಣೆ ಮೇಲೆ ಒಂಟಿಯಾಗಿ ಬಿಟ್ಟು ಮನೆಮಂದಿಯೆಲ್ಲ ಬೀದಿಗೆ ಬಂದರು. ಕನಕಲಕ್ಷ್ಮಮ್ಮನವರ ತೊಂಬತ್ತರ ತಾಯಿ ವರಲಕ್ಷ್ಮಮ್ಮನವರು ಕಾರಿಗೂ ಆರತಿ ಎತ್ತಿ, ಮಗಳಿಗೆ, “ಅಯ್ಯೋ ದೇವುಡಾ, ನಿನ್ನ ಮದುವೆ ಮಾತುಕತೆಗೆ ನಿಮ್ಮ ಮಾವನೋರು ಇದರಲ್ಲೇ ಅಲ್ವೇನೇ ಬಂದಿದ್ದು!” ಎಂದು ಹೋಳಿಗೆಯ ಚೂರೊಂದನ್ನು ಬಾನೆಟ್ ಮೇಲೆ ನೈವೇದ್ಯಕ್ಕಿಟ್ಟರು. ಕನಕಲಕ್ಷ್ಮಮ್ಮ ಆ ಹೊತ್ತು ಆರಡಿ ಎತ್ತರವಾಗಿದ್ದರು. ಗಂಡನ ಕಡೆ ತಿರುಗಿ ನಕ್ಕರು ಕೂಡ. ಚೆನ್ನಕೇಶವಯ್ಯನವರಿಗೆ ಆ ನಗು ಕಂಡು ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕಲಾಗಲಿಲ್ಲ. ನಿಯಮ ಸ್ವಲ್ಪ ಬಗ್ಗಿದರೂ ಪರವಾಗಿಲ್ಲ ಅನ್ನಿಸಿತು.

ಊಟ ಮುಗಿಸಿ ಹೊರಬಂದರೆ ಮೋಹನ್‌ಬಾಬು ಕಾರಿನ ಕೀಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತಿದ್ದ.

“ಬಾವಗಾರೂ, ನೀವು ಪೆಟ್ರೋಲಿಗೆ ಬಂದಿದೀರ ಅಂತ ಅಕ್ಕ ಹೇಳಿದ್ಳು. ನಮ್ಮನೆಗೆ ಬಂದೋರನ್ನ ಬಂಕಿಗೆ ಕಳಿಸೋಕಾಗುತ್ತಾ? ನಾನೇ ಹೋಗಿ ಬಾಯಿ ತನಕ ತುಂಬಿಸ್ಕೊಂಡು ಬಂದೆ.”

“ಬಾಯಿ ತನಕವಾ?” ಚೆನ್ನಕೇಶವಯ್ಯನವರ ಮುಖ ಕಪ್ಪಿಟ್ಟಿತು. ಎರಡೂವರೆ ಲೀಟರಿನ ಲೆಕ್ಕದಲ್ಲಿ ಬದುಕುತ್ತಿದ್ದ ಗಾಡಿ! ಪೆಟ್ರೋಲ್ ಮಟ್ಟ ತೋರಿಸುವ ಮುಳ್ಳು ಬಲಗಡೆಯ ಕೊನೆಗೆ ಹೋಗಿ ನಿಂತಿತ್ತು. ಆ ಮುಳ್ಳನ್ನು ಅವರೇ ಒಂದು ತಿಂಗಳು ಕೂತು ರಿಪೇರಿ ಮಾಡಿದ್ದರು.

ಹಿಂದಿನ ಸೀಟಿನಲ್ಲಿ ಒಂದು ಹಲಸಿನಹಣ್ಣು, ಎರಡು ಡಬ್ಬ ಚಕ್ಕುಲಿ, ತಾಂಬೂಲದ ಚೀಲಗಳು ಆಗಲೇ ಕೂತಿದ್ದವು. ಜಾಗವಿಲ್ಲದೆ ಕನಕಲಕ್ಷ್ಮಮ್ಮ ಮುಂದೆ ಕೂತರು.

ಶಿಡ್ಲಘಟ್ಟ ಇನ್ನೇನು ಬಂತು ಅನ್ನುವಲ್ಲಿ ಪೊಲೀಸರು ಹೆಲ್ಮೆಟ್ ತಪಾಸಣೆ ಮಾಡುತ್ತಿದ್ದರು. ಒಬ್ಬ ಎಳೆ ವಯಸ್ಸಿನ ಕಾನ್‌ಸ್ಟೇಬಲ್ ಕೈ ಅಡ್ಡ ಹಿಡಿದ. ಎದೆ ಮೇಲೆ ಸುನೀಲ್‌ಕುಮಾರ್ ಎಂದು ಬರೆದಿತ್ತು. ಚೆನ್ನಕೇಶವಯ್ಯ ರೂಢಿಯಂತೆ ಗೆಜೆಟ್ ಎತ್ತಿದರು. ಆತ ಅದನ್ನು ಕೈಯಿಂದ ತೆಗೆದುಕೊಂಡು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬೆರಳಿಟ್ಟು ಓದಿದ. ಅದನ್ನು ಪೂರ್ತಿ ಓದಿದ ಮೊದಲ ಮನುಷ್ಯ! ಚೆನ್ನಕೇಶವಯ್ಯನವರಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು.

“ಚೆನ್ನಾಗಿದೆ ಸಾರ್ ನಿಯಮ. ಈಗ ಯಾವ ಉದ್ದೇಶಕ್ಕೆ ಹೊರಟಿದೀರಿ?”

“ಪೆಟ್ರೋಲಿಗೆ.” ನಾಲ್ಕು ತಿಂಗಳಿಂದ ಹೇಳುತ್ತ ಬಂದಿದ್ದ ಉತ್ತರ, ತಾನಾಗೇ ಬಾಯಿಗೆ ಬಂತು.

ಆತ ಕಿಟಕಿಯೊಳಗೆ ಬಗ್ಗಿ ಮುಳ್ಳು ನೋಡಿದ. “ಟ್ಯಾಂಕ್ ಫುಲ್ ಇದೆಯಲ್ಲ ಸಾರ್?”

“ಅಂದ್ರೆ, ಹಾಕಿಸ್ಕೊಂಡು ವಾಪಸ್ ಹೋಗ್ತಿದೀನಿ. ಚಿಂತಾಮಣಿಯಿಂದ. ನಮ್ಮನೆ ಚಿಕ್ಕಬಳ್ಳಾಪುರ.”

“ಈ ಮಧ್ಯದಲ್ಲಿ ಎಷ್ಟು ಬಂಕ್ ಇವೆ?”

“ಹನ್ನೊಂದು” ಎಂದರು ಚೆನ್ನಕೇಶವಯ್ಯ. ಯಾರಾದರೂ ಅಂಕಿ ಸಂಖ್ಯೆ ಕೇಳಿದರೆ ತಪ್ಪು ಹೇಳುವ ಅಭ್ಯಾಸ ಅವರಿಗಿರಲಿಲ್ಲ.

ಸುನೀಲ್‌ಕುಮಾರ್ ಹಿಂದಿನ ಸೀಟಿನ ಹಲಸಿನಹಣ್ಣನ್ನು ನೋಡಿದ, ಕನಕಲಕ್ಷ್ಮಮ್ಮನವರ ಮುಡಿಯ ಮಲ್ಲಿಗೆ ನೋಡಿದ. “ತಪ್ಪು ತಿಳ್ಕೋಬೇಡಿ ಸಾರ್. ನೀವು ಕೊಟ್ಟಿರೋ ಕಾಗದದ ಪ್ರಕಾರವೇ ಇದು ಆಗಲ್ಲ. ನಾನು ಮೇಲಕ್ಕೆ ಬರೀಬೇಕಾಗುತ್ತೆ. ನಂಬರ್ ವಿಷಯ ಏನಾಗುತ್ತೋ, ಅದು ಅವರಿಗೆ ಬಿಟ್ಟಿದ್ದು.”

ಚೆನ್ನಕೇಶವಯ್ಯನವರ ಕಣ್ಣೆದುರಿಗೆ ಸ್ಕೇಲು ಹಿಡಿದು ನಿಂತ ಅಪ್ಪ ಬಂದರು.

“ಗಾಡಿ ಕೆಟ್ಟಿದೆ ಕಣಪ್ಪ” ಎಂದರು ಕನಕಲಕ್ಷ್ಮಮ್ಮ ತಣ್ಣಗೆ. “ಗ್ಯಾರೇಜಿಗೆ ಹೋಗ್ತಿದೀವಿ.”

“ಯಾವುದು ಕೆಟ್ಟಿರೋದು?” ಚೆನ್ನಕೇಶವಯ್ಯ ಕೆರಳಿದರು. “ನನ್ನ ಗಾಡಿಯಾ? ಒಂದೇ ಒಂದು...”

ತೊಡೆಯ ಮೇಲೆ ಬಿದ್ದ ಚಿವುಟು ಮಾತು ನಿಲ್ಲಿಸಿತು.

“ಹೇಳ್ರೀ, ಕೆಟ್ಟಿದೆ ಅಂತ.”

ನಂಬರು ಉಳಿಯಬೇಕೆಂದರೆ ಗಾಡಿಯ ಮಾನ ಕಳೆಯಬೇಕು. ಚೆನ್ನಕೇಶವಯ್ಯ ಸ್ಟಿಯರಿಂಗನ್ನು ಕ್ಷಮೆ ಕೇಳುವವರಂತೆ ಸವರಿ, ಗಂಟಲಲ್ಲೇ ಹೇಳಿದರು: “ಕೆಟ್ಟಿದೆ.”

“ಕೆಟ್ಟ ಗಾಡಿ ಓಡಿಸಬಾರದು ಸಾರ್, ಅಪಾಯ. ಇಳೀರಿ, ತಳ್ಳಣ. ಇಲ್ಲೇ ಅರ್ಧ ಕಿಲೋಮೀಟರಿನಲ್ಲಿ ನರೇಂದ್ರನ ಗ್ಯಾರೇಜಿದೆ. ನಾನೂ ಕೈ ಕೊಡ್ತೀನಿ” ಎಂದ ಆ ಪುಣ್ಯಾತ್ಮ.

ಆಮೇಲೆ ಶಿಡ್ಲಘಟ್ಟ ಕಂಡ ಮೆರವಣಿಗೆ ಹೀಗಿತ್ತು. ಸ್ಟಿಯರಿಂಗ್ ಹಿಡಿದು ರೇಷ್ಮೆ ಸೀರೆಯ ಕನಕಲಕ್ಷ್ಮಮ್ಮ. ಬಲಕ್ಕೆ ತಿರುಗಿಸಿ, ಎಡಕ್ಕೆ ತಿರುಗಿಸಿ ಎಂದರೆ ಬಹಳ ಮುತುವರ್ಜಿಯಿಂದ ತಿರುಗಿಸುತ್ತಿದ್ದರು. ಹಿಂದೆ ಡಿಕ್ಕಿಗೆ ಎದೆ ಕೊಟ್ಟು, ಬೆವರಿ ಬಸಿಯುತ್ತ ತಳ್ಳುತ್ತಿದ್ದವರು ಯಜಮಾನರು, ಮೂಗಿನ ನೇರಕ್ಕೆ ಆರುನೂರ ಎಂಟು. ರೇಷ್ಮೆಗೂಡು ಮಾರಿ ಖಾಲಿ ಕ್ರೇಟು ಹಿಡಿದು ಬಸ್ಸಿಗೆ ಕಾದಿದ್ದ ರೈತರು ಪಾಪ ಎಂದು ತಳ್ಳಲು ಕೈ ಜೋಡಿಸಿದರು. ಅವರಲ್ಲೊಬ್ಬ, “ನಂಬರ್ ನೋಡಿದ್ರೇ ಗೊತ್ತಾಗಲ್ವಾ ಸ್ವಾಮಿ, ಇದರ ಆಯಸ್ಸು ಮುಗೀತು. ಗುಜರಿಗೆ ಹಾಕ್ಬಿಡಿ” ಎಂದು ಬುದ್ಧಿ ಹೇಳಿದ. ಚೆನ್ನಕೇಶವಯ್ಯ ಹಲ್ಲು ಕಚ್ಚಿ ತಳ್ಳಿದರು. ಜನ್ಮದಲ್ಲಿ ಇಷ್ಟು ದೊಡ್ಡ ಸುಳ್ಳನ್ನು, ಅದೂ ಇಷ್ಟು ಭಾರದ್ದನ್ನು, ಅವರು ತಳ್ಳಿರಲಿಲ್ಲ.

ಗ್ಯಾರೇಜಿನ ನರೇಂದ್ರ ಕೈ ಒರೆಸಿಕೊಂಡು ಬಂದ. ಬಾನೆಟ್ ಎತ್ತಿದ, ನೋಡಿದ. “ಏನೂ ಕಾಣ್ತಿಲ್ವಲ್ಲ” ಎಂದು ಕನಕಲಕ್ಷ್ಮಮ್ಮನವರ ಪಕ್ಕದಿಂದ ಕೈ ಹಾಕಿ ಕೀ ತಿರುಗಿಸಿದ.

ಒಂದೇ ತಿರುವಿಗೆ ಗಾಡಿ ಗುಂಯ್ ಎಂದಿತು. ಕೆಮ್ಮಿಲ್ಲ, ಸೀನಿಲ್ಲ.

“ನೋಡಿದ್ರಾ!” ಚೆನ್ನಕೇಶವಯ್ಯ ಕೈ ತಟ್ಟಿ ಕುಣಿದೇಬಿಟ್ಟರು. “ಅರವತ್ತು ದಾಟಿದೆ ಅಂದ್ರೆ ಯಾರಾದ್ರೂ ನಂಬ್ತಾರಾ? ಒಂದು ದಿನ ಕೈ ಕೊಟ್ಟಿಲ್ಲ ಕಣ್ರೀ! ಗುಜರಿಯಂತೆ ಗುಜರಿ! ಕರೀರಿ ಅವನನ್ನ!”

ಕನಕಲಕ್ಷ್ಮಮ್ಮ ಹಣೆ ಚಚ್ಚಿಕೊಂಡರು. ಸುನೀಲ್‌ಕುಮಾರ್ ನಿಧಾನವಾಗಿ ಜೇಬಿನಿಂದ ಪುಸ್ತಕ ತೆಗೆದ.

“ಹಾಗಾದ್ರೆ ಕೆಟ್ಟಿದ್ದು ಏನು ಸಾರ್?”

ಕನಕಲಕ್ಷ್ಮಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

“ಕೆಟ್ಟಿರೋದು ಗಾಡಿಯಲ್ಲಪ್ಪ, ಇವರು. ನಾನೇ ಮೂವತ್ತೆಂಟು ವರ್ಷದಿಂದ ರಿಪೇರಿ ಮಾಡ್ತಿದೀನಿ. ಸ್ಪೇರ್ ಪಾರ್ಟು ಸಿಗಲ್ಲ, ಹೇಗೋ ಓಡಿಸ್ತಿದೀನಿ. ಇವತ್ತು ನಮ್ಮಮ್ಮನ ಮನೆಗೆ ಕರ್ಕೊಂಡ್ ಹೋಗಿದ್ದೆ, ಸ್ವಲ್ಪ ಸರಿಹೋಗಿದ್ರು. ನೀನು ಬರೆದ್ರೆ ಮತ್ತೆ ಕೆಡ್ತಾರೆ.”

ಸುನೀಲ್‌ಕುಮಾರ್ ಒಂದು ಕ್ಷಣ ಆಕೆಯನ್ನೂ, ಒಂದು ಕ್ಷಣ ಬೆವರಿನಲ್ಲಿ ಮಿಂದ ಆ ನಿವೃತ್ತ ಸೂಪರಿಂಟೆಂಡೆಂಟರನ್ನೂ ನೋಡಿದ. ಆಮೇಲೆ ತಡೆಯಲಾರದೆ ನಕ್ಕು ಪುಸ್ತಕವನ್ನು ಜೇಬಿಗೆ ಸೇರಿಸಿದ.

“ರಿಪೇರಿಗೇ ಹೊರಟಿದ್ದು ಅಂತಾಯ್ತಲ್ಲ ಅಮ್ಮ. ಅದು ನಿಯಮದಲ್ಲಿದೆ. ಹೊರಡಿ.”

ಅಲ್ಲಿಗೆ ಆರುನೂರ ಎಂಟು ಉಳಿಯಿತು. ನೀವಾಗಿದ್ದರೆ, ನಾನಾಗಿದ್ದರೆ, ಕೈಮುಗಿದು ಗಾಡಿ ಹತ್ತುತ್ತಿದ್ದೆವು. ಚೆನ್ನಕೇಶವಯ್ಯ ಹತ್ತಲಿಲ್ಲ. ಅವರ ಹುಬ್ಬು ಗಂಟಾಗಿತ್ತು. ಗೆಜೆಟ್ ಪ್ರತಿ ಬಿಡಿಸಿ, ಕೆಂಪು ಗೆರೆಯ ಮೇಲೆ ಬೆರಳಿಟ್ಟರು.

“ಒಂದ್ನಿಮಿಷ ಕಣಪ್ಪ. ನೀನು ಹೇಳಿದ್ದು ತಪ್ಪು. ಇಲ್ಲಿ ರಿಪೇರಿ ಅಂದ್ರೆ ವಾಹನದ ರಿಪೇರಿ. ಮಾಲೀಕನ ರಿಪೇರಿ ಇದರಲ್ಲಿ...”

ಕನಕಲಕ್ಷ್ಮಮ್ಮ ಕಿಟಕಿಯಿಂದ ಕೈ ಚಾಚಿ ಆ ಕಾಗದವನ್ನು ಕಿತ್ತುಕೊಂಡು, ನಾಲ್ಕಾಗಿ ಮಡಚಿ, ಅದರ ಮೇಲೆ ಕೂತುಬಿಟ್ಟರು.