ಮಾರಮ್ಮನ ಸೇವಾ ಚರಿತ್ರೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಒಂದು ಪದದ ಬಾಲ. "ನೌಕೆಯ" ಎಂದು ಬರೆದುಕೊಟ್ಟಿದ್ದನ್ನು ಫ್ಲೆಕ್ಸ್ ಅಂಗಡಿಯ ಮಹದೇವ್ "ನೌಕರರ" ಎಂದು ತಿದ್ದಿ ಪ್ರಿಂಟ್ ಹಾಕಿಬಿಟ್ಟಿದ್ದ. ಮಹದೇವನದು ಪರೋಪಕಾರಿ ಸ್ವಭಾವ. ಬೇರೆಯವರ ತಪ್ಪು ಕಂಡರೆ ಸುಮ್ಮನಿರಲಾರ, ತಪ್ಪಿಲ್ಲದಿದ್ದರೂ ಸುಮ್ಮನಿರಲಾರ.

ಮಾರೇನಹಳ್ಳಿಯ ಯೋಗಾನಂದನಿಗೆ ಹಡಗಿನ ಹುಚ್ಚು. ಎಲ್ಲ ಹಡಗುಗಳದ್ದಲ್ಲ, ಒಂದೇ ಒಂದು ಹಡಗಿನದು. ಅದರ ಹೆಸರು ಮಾರ್ಸೆಲ್ಲಾ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷರ ಹಬೆ ಯುದ್ಧನೌಕೆ. ಎರಡು ಪಕ್ಕಕ್ಕೂ ಮನೆಯೆತ್ತರದ ಚಕ್ರ. ಹಬೆಯ ಬಲದಿಂದ ಅವು ತಿರುಗಿ ನೀರನ್ನು ಹಿಂದಕ್ಕೆ ತಳ್ಳಿದರೆ ಹಡಗು ಮುಂದಕ್ಕೆ ಹೋಗಬೇಕು. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಅದರ ಚಿತ್ರವನ್ನು ಕಂಡ ದಿನದಿಂದ ಯೋಗಾನಂದ ಅದರ ಹುಟ್ಟು, ಓಡಾಟ, ಯುದ್ಧ, ಸಾವು ಎಲ್ಲವನ್ನೂ ಹುಡುಕಿ ಹುಡುಕಿ ಓದಿದ್ದ. ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿದ್ದ ಈತ ಸಮುದ್ರವನ್ನು ನೋಡಿದ್ದು ಒಂದೇ ಸಲ, ಮುರುಡೇಶ್ವರದಲ್ಲಿ, ಪ್ಯಾಂಟು ಮಡಚಿಕೊಂಡು ಮೊಣಕಾಲವರೆಗೆ.

ಅವನ ದುಃಖವೆಂದರೆ ಇದನ್ನು ಕೇಳುವವರು ಯಾರೂ ಇರಲಿಲ್ಲ. ಆಫೀಸಿನಲ್ಲಿ "ಮಾರ್ಸೆಲ್ಲಾ" ಎಂದ ಕೂಡಲೇ ಎಲ್ಲರಿಗೂ ಕಾಫಿ ನೆನಪಾಗುತ್ತಿತ್ತು. ಮನೆಯಲ್ಲಿ ಹೆಂಡತಿ ರಂಜಿನಿ, "ನಮ್ಮಣ್ಣನ ಮಕ್ಕಳ ಹೆಸರು ಕೇಳಿದ್ರೆ ತಲೆ ಕೆರ್ಕೊಳ್ತೀರ. ಆ ಹಡಗಿನ ಕ್ಯಾಪ್ಟನ್‌ಗಳ ಹೆಸರು ಮಾತ್ರ ಸಹಸ್ರನಾಮದ ಥರ ಬಾಯಿಗೆ ಬರುತ್ತೆ" ಎನ್ನುತ್ತಿದ್ದಳು. ಮಾತು ಸುಳ್ಳೇನೂ ಆಗಿರಲಿಲ್ಲ.

ಇಂಥ ಹೊತ್ತಿನಲ್ಲಿ ಫೇಸ್‌ಬುಕ್ಕಿನಲ್ಲಿ ಕೆಂಗೇರಿಯ ನಂಜುಂಡಪ್ಪ ಸಿಕ್ಕಿದರು. ನೌಕಾಪಡೆಯ ಎಂಜಿನ್ ರೂಮಿನಲ್ಲಿ ದುಡಿದು ನಿವೃತ್ತರಾದವರು. ಮುಖ ನೋಡಿರಲಿಲ್ಲ, ಫೋನಿನಲ್ಲಿ ಮಾತ್ರ ಪರಿಚಯ. "ಭಾನುವಾರ ನೀವು ಭಾಷಣ ಮಾಡ್ತೀರಂತಲ್ಲ, ಮೆಟ್ರೋ ಹತ್ಕೊಂಡು ಬಂದು ಕೇಳ್ತೀನಿ. ಚೆನ್ನಾಗಿದ್ರೆ ನಮ್ಮ ಮಾಜಿ ನೇವಿಯೋರ ಕೂಟದಲ್ಲಿ ನಿಮ್ದೇ ಒಂದು ಕಾರ್ಯಕ್ರಮ ಇಡ್ಸೋಣ" ಎಂದಿದ್ದರು. ಹಡಗು ಗೊತ್ತಿರುವವರ ಮುಂದೆ ಒಂದೇ ಒಂದು ಸಲ ಮಾರ್ಸೆಲ್ಲಾಳ ಕತೆ ಹೇಳಬೇಕು. ಯೋಗಾನಂದನಿಗೆ ಬೇಕಾಗಿದ್ದದ್ದು ಅಷ್ಟೇ.

ಭಾಷಣವಿದ್ದದ್ದು ಬಡಾವಣೆಯ "ಸಂಜೆ ವೇದಿಕೆ"ಯಲ್ಲಿ. ಅದರ ಕಾರ್ಯದರ್ಶಿ ಚಕ್ರಪಾಣಿ ತಿಂಗಳಿಗೊಂದು ಭಾಷಣ ಏರ್ಪಡಿಸುತ್ತಿದ್ದರು. ಕೇಸರಿಬಾತು ಇದ್ದ ತಿಂಗಳು ಹತ್ತಾರು ಜನ ಬರುತ್ತಿದ್ದರು, ಬರೀ ಬಿಸ್ಕತ್ತಾದರೆ ಚಕ್ರಪಾಣಿ ಮತ್ತು ಅವರ ಭಾವಮೈದುನ.

ಭಾನುವಾರ ಬೆಳಿಗ್ಗೆ ಹಾಲು ತರಲು ಹೊರಟ ಯೋಗಾನಂದನನ್ನು ಮಹಡಿ ಮನೆಯ ಲಕ್ಷ್ಮಿದೇವಮ್ಮ ಮೆಟ್ಟಿಲ ಮೇಲೇ ಹಿಡಿದರು. ತಾಲ್ಲೂಕು ಕಛೇರಿಯಲ್ಲಿ ಸವೆದು ನಿವೃತ್ತರಾದ ಹೆಂಗಸು.

"ಏನಪ್ಪಾ ಯೋಗಾನಂದ, ಇಷ್ಟು ದಿನಕ್ಕೆ ಒಂದು ಉಪಯೋಗಕ್ಕೆ ಬರೋ ವಿಷಯ ತಗೊಂಡಿದೀಯ ನೋಡು! ನಾನು ಕುರುಬರಹಳ್ಳಿ ಪೆನ್ಷನರ್ಸ್ ಗುಂಪಿಗೂ ಫಾರ್ವರ್ಡ್ ಮಾಡಿದೀನಿ."

"ಹಡಗಿನ ವಿಷಯಾನಾ ಆಂಟಿ?" ಯೋಗಾನಂದನ ಎದೆ ಉಬ್ಬಿತು.

"ಅದ್ಯಾವ ಹಡಗೋ? ರಸ್ತೆ ತಿರುವಲ್ಲಿ ಕಟ್ಟಿದಾರಲ್ಲ, ನೋಡ್ಲಿಲ್ವಾ?"

ಯೋಗಾನಂದ ಹಾಲಿನ ಬೂತು ಬಿಟ್ಟು ತಿರುವಿಗೆ ಓಡಿದ. ಅಲ್ಲಿ ಎರಡು ಕಂಬಗಳ ನಡುವೆ ಅವನದೇ ಫೋಟೊ ನಗುತ್ತಿತ್ತು. ಕೆಳಗೆ ಹೆಸರಿಲ್ಲ, ಕೆಂಪಕ್ಷರದಲ್ಲಿ ಇಷ್ಟೇ: "ನೌಕರರ ಸೇವಾ ಚರಿತ್ರೆ. ವಿಶೇಷ ಉಪನ್ಯಾಸ. ನಂತರ ಕೇಸರಿಬಾತು." ಮಹದೇವನ ಅಂಗಡಿಯ ಶಟರು ಅರ್ಧ ತೆರೆದಿತ್ತು. ಯೋಗಾನಂದ ಬಗ್ಗಿ ಒಳಗೆ ನುಗ್ಗಿದ.

"ಏನ್ ಗುರು ಇದು? ನಾನು ನೌಕೆಯ ಅಂತ ಬರೆದಿದ್ದೆ!"

"ಅದೇ ಸಾರ್, ಸ್ಪೆಲಿಂಗ್ ಮಿಸ್ಟೇಕ್ ಇತ್ತು. ನಾನೇ ಸರಿ ಮಾಡ್ದೆ. ಎಕ್ಸ್‌ಟ್ರಾ ಏನೂ ಕೊಡೋದ್ ಬೇಡ" ಎಂದ ಮಹದೇವ್, ಸಂಕೋಚದಿಂದ.

"ನೌಕೆ ಅಂದ್ರೆ ಹಡಗು ಕಣಯ್ಯಾ! ಹಡಗಿಗೆ ಸೇವಾ ಚರಿತ್ರೆ ಇರುತ್ತೆ!"

"ಹಡಗು ಯಾಕೆ ಸಾರ್ ಸೇವೆ ಮಾಡುತ್ತೆ? ಸೇವೆ ಮಾಡೋರು ನೌಕರರು. ನಮ್ಮಪ್ಪಾನೂ ನೌಕರ್ರೇ. ಯೋಚ್ನೆ ಮಾಡಿ ನೋಡಿ."

ಯೋಗಾನಂದ ಯೋಚನೆ ಮಾಡಲಿಲ್ಲ, ಚಕ್ರಪಾಣಿಯ ಮನೆಗೆ ಓಡಿದ. ಕಾರ್ಯದರ್ಶಿಗಳು ಹಿಂದೆಂದೂ ಕಾಣದ ಸಂತೋಷದಲ್ಲಿದ್ದರು. ಎರಡು ಕಿವಿಗೂ ಒಂದೊಂದು ಫೋನು.

"ಬನ್ನಿ ಬನ್ನಿ! ಎಂಥಾ ಸಬ್ಜೆಕ್ಟು ಸ್ವಾಮಿ! ಹೇರೋಹಳ್ಳಿಯಿಂದ ಟೆಂಪೋ ಮಾಡ್ಕೊಂಡು ಬರ್ತಿದಾರೆ. ರವೆ ಸಾಲಲ್ಲ ಅಂತ ಅಡಿಗೆಯೋನು ಗಲಾಟೆ ಮಾಡ್ತಿದಾನೆ."

"ಸಾರ್, ಅದು ಹಡಗು. ತಪ್ಪಾಗಿದೆ. ಎಲ್ರಿಗೂ ಹೇಳ್ಬಿಡಿ."

ಚಕ್ರಪಾಣಿ ಎರಡೂ ಫೋನು ಕೆಳಗಿಟ್ಟರು. "ನೋಡಿ ಯೋಗಾನಂದ್, ವೇದಿಕೆ ಶುರುವಾದಾಗಿಂದ ಹಾಲ್ ತುಂಬಿಲ್ಲ. ಇವತ್ತು ತುಂಬ್ತಿದೆ. ನೀವು ಬನ್ನಿ, ಮೈಕ್ ಹಿಡೀರಿ, ಏನೋ ಒಂದು ಮಾತಾಡಿ. ಜನ ಬಂದಮೇಲೆ ಎದ್ದು ಹೋಗ್ತಾರಾ? ಕೇಸರಿಬಾತು ಕೊನೇಲಿ ಇಟ್ಟಿರೋದು."

ಯೋಗಾನಂದನಿಗೂ ಒಳಗೊಳಗೇ ಅದು ಸರಿ ಎನಿಸಿತು. ಹೇಗೂ ನಂಜುಂಡಪ್ಪ ಬರುತ್ತಾರೆ. ಉಳಿದವರು ಯಾರಾದರೇನು, ಹಡಗಿನ ಕತೆ ಕಿವಿಗೆ ಬಿದ್ದರೆ ಪುಣ್ಯ ಬರಲಿ. ಅವನು ಮನೆಗೆ ಬಂದು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡ. ರಂಜಿನಿ ಮಾತ್ರ ಫ್ಲೆಕ್ಸಿನ ಸುದ್ದಿ ಕೇಳಿದಾಗಿನಿಂದ ನಗುತ್ತಲೇ ಇದ್ದಳು.

ಸಂಜೆ ನಾಲ್ಕಕ್ಕೆ ಹಾಲ್ ನಿಜಕ್ಕೂ ತುಂಬಿತ್ತು. ಕಿಟಕಿಯಲ್ಲೂ ಜನ. ಮುಂದಿನ ಸಾಲಿನಲ್ಲಿ ಲಕ್ಷ್ಮಿದೇವಮ್ಮ, ಅಕ್ಕಪಕ್ಕ ಅವರ ಗುಂಪು. ಯೋಗಾನಂದ ಗಂಟಲು ಸರಿಮಾಡಿಕೊಂಡು ಶುರುಮಾಡಿದ.

"ಮಾನ್ಯರೇ, ಇವತ್ತು ನಾನು ಹೇಳಹೊರಟಿರೋದು ಒಂದು ಹಡಗಿನ..."

"ಹಡಗಾ?" ಹಿಂದಿನಿಂದ ಒಂದು ದನಿ ಎದ್ದಿತು. "ಪೇ ಕಮಿಷನ್ ಬಗ್ಗೆ ಹೇಳ್ರೀ!"

"ನಾವು ಟೆಂಪೋ ಮಾಡ್ಕೊಂಡು ಬಂದಿರೋದು ಹಡಗು ನೋಡಕ್ಕಾ?"

ಕುರ್ಚಿಗಳು ಕಿರುಗುಟ್ಟಿದವು. ಚಕ್ರಪಾಣಿ ನೀರಿನ ಲೋಟ ಕೊಡುವ ನೆಪದಲ್ಲಿ ಬಂದು ಕಿವಿಯಲ್ಲಿ ಉಸುರಿದರು: "ಇನ್ನೊಂದ್ಸಲ ಹಡಗು ಅಂದ್ರೆ ನಮ್ಮಿಬ್ರನ್ನೂ ಇಲ್ಲೇ ಮುಳುಗಿಸ್ತಾರೆ. ಆ ಪದ ಒಂದು ಬಿಟ್ಟು ಏನ್ ಬೇಕಾದ್ರೂ ಹೇಳಿ!"

ಯೋಗಾನಂದ ಲೋಟದ ನೀರನ್ನು ಪೂರ್ತಿ ಕುಡಿದ. ಇಂಗ್ಲಿಷ್ ಪುಸ್ತಕಗಳಲ್ಲಿ ಹಡಗನ್ನು "ಅವಳು" ಎನ್ನುವುದು ಅವನಿಗೆ ನೆನಪಾಯಿತು. ಸರಿ, ಹಾಗೇ ಆಗಲಿ.

"ಮಾರ್ಸೆಲ್ಲಾ," ಎಂದ. "ಅವಳ ಹೆಸರು ಮಾರ್ಸೆಲ್ಲಾ. ಇದು ಅವಳ ಸೇವೆಯ ಕತೆ."

"ಏನಂದ್ರಿ? ಮಾರಕ್ಕಾನಾ?"

"ಮಾರಮ್ಮ ಅನ್ನಿ ಬಿಡ್ರಿ, ಬಾಯಿಗೆ ಸಲೀಸು" ಎಂದು ಲಕ್ಷ್ಮಿದೇವಮ್ಮ ತೀರ್ಪು ಕೊಟ್ಟರು.

"ಸರಿ, ಮಾರಮ್ಮ. ಸೇವೆಗೆ ಸೇರಿದ ಹೊಸದರಲ್ಲಿ ಅವಳನ್ನ ಪರೀಕ್ಷಾರ್ಥ ಓಡಾಡಿಸಿದ್ರು."

"ಪ್ರೊಬೇಷನ್ನು" ಎಂದು ಸಭೆ ತಲೆಯಾಡಿಸಿತು.

"ಮೊದಲ ನೇಮಕ ದೂರದ ಮಾಲ್ಟಾಕ್ಕೆ. ಅಲ್ಲಿಂದ ಹೇಳದೆ ಕೇಳದೆ ಇನ್ನೊಂದು ಕಡೆಗೆ. ಯಾವ ಕೆಲಸಕ್ಕೆ ಅಂತ ತಗೊಂಡಿದ್ರೋ ಆ ಕೆಲಸ ಬಿಟ್ಟು ಬಾಕಿ ಎಲ್ಲಾ ಮಾಡಿಸಿದ್ರು. ಟಪಾಲು ಹೊರ್ಸಿದ್ರು. ದೊಡ್ಡೋರ ಹೆಂಡ್ತಿ ಮಕ್ಕಳನ್ನ ಊರಿಂದೂರಿಗೆ ಬಿಟ್ಟು ಬಾ ಅಂದ್ರು. ಕುದುರೆ ಸಾಗಿಸು ಅಂದ್ರು."

"ಅಯ್ಯೋ, ನಮ್ಮ ಸಾಹೇಬರ ಮನೆಗೆ ನಾನೂ ತರಕಾರಿ ಹೊತ್ತಿದೀನಿ ಕಣ್ರೀ!" ಎಂದು ಒಬ್ಬರು ಎದ್ದೇ ನಿಂತರು. ಪಕ್ಕದವರು ಎಳೆದು ಕೂರಿಸಿದರು.

ಯೋಗಾನಂದನಿಗೆ ಉತ್ಸಾಹ ಬಂತು. ಉತ್ಸಾಹದಲ್ಲಿ ನಾಲಿಗೆ ಜಾರಿತು. "ಅವಳ ಎರಡು ಪಕ್ಕಕ್ಕೂ ಚಕ್ರ ಇದ್ದದ್ದೇ ಅವಳಿಗೆ ಮುಳುವಾಯ್ತು" ಎಂದುಬಿಟ್ಟ.

ಚಕ್ರಪಾಣಿ ಕಣ್ಣು ಮುಚ್ಚಿಕೊಂಡರು.

"ವೀಲ್‌ಚೇರು!" ಲಕ್ಷ್ಮಿದೇವಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. "ವೀಲ್‌ಚೇರಲ್ಲಿ ಓಡಾಡೋ ಹೆಣ್ಮಗಳಿಗೆ ಟ್ರಾನ್ಸ್‌ಫರ್ ಮೇಲೆ ಟ್ರಾನ್ಸ್‌ಫರ್ರಾ! ಇವರ ಮನೆ ಹಾಳಾಗ!"

ಆಮೇಲೆ ಸಭೆಯನ್ನು ತಡೆಯುವವರೇ ಇರಲಿಲ್ಲ. ಒಮ್ಮೆ ಅವಳು ಮರಳಿನಲ್ಲಿ ಸಿಕ್ಕಿಕೊಂಡಳು ಎಂದಾಗ, "ಮರಳು ದಂಧೇಲಾ? ಸುಮ್ನೆ ಸಿಗಿಸಿರ್ತಾರೆ" ಎಂದು ಕಂದಾಯ ಇಲಾಖೆಯವರೊಬ್ಬರು ಅನುಭವದಿಂದ ಹೇಳಿದರು. ವಿಚಾರಣೆಯಲ್ಲಿ ಮೇಲಧಿಕಾರಿ ಪಾರಾದ ಎಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ.

"ಕೊನೆಗೊಂದು ದಿನ ದೊಡ್ಡ ಕೆಲಸ ಬಂತು" ಎಂದ ಯೋಗಾನಂದ. ಇದು ಅವನಿಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ. ಗಾಳಿಯಿಲ್ಲದೆ ನಿಂತುಹೋದ ದೊಡ್ಡ ಹಾಯಿಯ ಯುದ್ಧನೌಕೆಯೊಂದನ್ನು ಮಾರ್ಸೆಲ್ಲಾ ಗುಂಡಿನ ಮಳೆಯ ನಡುವೆ ಎಳೆದುಕೊಂಡು ಹೋದ ದಿನ. "ಅವಳಿಗಿಂತ ದೊಡ್ಡ ಸ್ಥಾನದಲ್ಲಿದ್ದೋರೊಬ್ರು, ಒಂದು ಹೆಜ್ಜೆ ಮುಂದೆ ಹೋಗೋ ಶಕ್ತಿ ಇಲ್ದೆ ನಿಂತ್ಬಿಟ್ಟಿದ್ರು. ಮಾರಮ್ಮ ಅವರನ್ನ ಎಳ್ಕೊಂಡು ಹೋಗಿ ಮುಂದೆ ನಿಲ್ಸಿದ್ಲು. ಏಟೆಲ್ಲಾ ಅವಳಿಗೆ ಬಿತ್ತು. ಪೇಪರಲ್ಲಿ ಹೆಸರು ಬಂದಿದ್ದು ಮಾತ್ರ ಅವರದ್ದು."

"ಅದೇ ರೀ! ಅದೇ!" ಹಾಲಿನ ತುಂಬ ಕೂಗು. ನಲವತ್ತು ವರ್ಷ ಯಾರದೋ ಸಹಿಗೆ ಕಡತ ಸಿದ್ಧಪಡಿಸಿದ ಕೈಗಳೆಲ್ಲ ಒಟ್ಟಿಗೇ ಚಪ್ಪಾಳೆ ತಟ್ಟಿದವು.

ಆಗ ಹಿಂದಿನ ಬಾಗಿಲಲ್ಲಿ ಬಿಳಿ ಮೀಸೆಯ, ನೆಟ್ಟಗೆ ನಿಂತ ವ್ಯಕ್ತಿಯೊಬ್ಬರು ಕಾಣಿಸಿಕೊಂಡರು. ಜೊತೆಗೆ ಅದೇ ವಯಸ್ಸಿನ ಇನ್ನಿಬ್ಬರು. ತಲೆಗಳ ಸಂದಿಯಲ್ಲಿ ಇಣುಕಿ ನೋಡಿದರು, ಸ್ವಲ್ಪ ಹೊತ್ತು ಕೇಳಿದರು, ಹೊರಗೆ ಹೋಗಿ ಫ್ಲೆಕ್ಸನ್ನು ಓದಿದರು, ಮತ್ತೆ ಬಂದು ಕೇಳಿದರು, ಕೊನೆಗೆ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡು ಹೊರಟುಹೋದರು. ಯೋಗಾನಂದ ಅವರನ್ನು ನೋಡಿದ. ಯಾರೋ ಹೇರೋಹಳ್ಳಿಯವರು ಇರಬೇಕೆಂದುಕೊಂಡ.

"ಆಮೇಲೆ ಹೊಸ ತಂತ್ರಜ್ಞಾನದೋರು ಬಂದ್ರು. ಇವಳು ಹಳಬಳಾದ್ಲು. ಕೆಲಸ ಕೊಡ್ದೆ ಮೂಲೇಲಿ ನಿಲ್ಸಿದ್ರು. ಸಾಮಾನು ತುಂಬೋ ಉಗ್ರಾಣಾನ ಅವಳ ಮೇಲೆ ಹೊರಿಸಿದ್ರು. ಯಾರೂ ಕಡೇ ಪಕ್ಷ ಬಂದು ಮಾತಾಡ್ಸ್ಲಿಲ್ಲ. ಕೊನೆಗೆ..." ಕೊನೆಗೆ ಗುಜರಿಗೆ ಒಡೆದು ಮಾರಿದರು ಎಂದು ಹೇಳಬೇಕಿತ್ತು. ಎಷ್ಟೋ ಸಲ ಓದಿದ ವಾಕ್ಯ. ಆದರೆ ಗಟ್ಟಿಯಾಗಿ ಹೇಳಲು ಹೋದಾಗ ಯೋಗಾನಂದನಿಗೆ ನಿಜಕ್ಕೂ ಅಳು ಬಂತು. "ಕೊನೆಗೆ ಅವಳು ಇಲ್ಲವಾದ್ಲು" ಎಂದು ಕೂತುಬಿಟ್ಟ.

ಹಾಲ್ ಪೂರ್ತಿ ಅಳುತ್ತಿತ್ತು. ಕೇಸರಿಬಾತು ಬಂದರೂ ಕೆಲವರು ಏಳಲಿಲ್ಲ; ಅಂಥದ್ದು ಸಂಜೆ ವೇದಿಕೆಯ ಇತಿಹಾಸದಲ್ಲೇ ನಡೆದಿರಲಿಲ್ಲ. ಚಕ್ರಪಾಣಿ ಶಾಲು ಹೊದಿಸಿದರು. ಲಕ್ಷ್ಮಿದೇವಮ್ಮ ಬಂದು ಅವನ ಕೈ ಹಿಡಿದುಕೊಂಡರು.

"ಯಾವ ಡಿಪಾರ್ಟ್‌ಮೆಂಟಪ್ಪಾ ಆ ಹೆಣ್ಮಗಳು?"

"ನೀರಿಗೆ ಸಂಬಂಧಪಟ್ಟಿದ್ದು ಆಂಟಿ" ಎಂದ ಯೋಗಾನಂದ.

"ಅಂದ್ಕೊಂಡೆ. ನೀರಿನ ಡಿಪಾರ್ಟ್‌ಮೆಂಟೇ ಹಂಗೆ."

ಜನ ಕರಗಿದ ಮೇಲೆ ಯೋಗಾನಂದ ಹಾಲಿನಲ್ಲಿ, ಬಾಗಿಲಲ್ಲಿ, ಮೆಟ್ರೋ ಸ್ಟೇಷನ್ನಿನ ಕೆಳಗೆ, ಎಲ್ಲ ಕಡೆ ನಂಜುಂಡಪ್ಪನವರಿಗಾಗಿ ಹುಡುಕಿದ. ಮುಖ ಗೊತ್ತಿಲ್ಲದವರನ್ನು ಹುಡುಕುವುದು ಹೇಗೆ? ಫೋನು ಮಾಡಿದರೆ ಎತ್ತಲಿಲ್ಲ. ಶಾಲು ಹೆಗಲ ಮೇಲೆ ಹಾಕಿಕೊಂಡೇ ಮನೆಗೆ ಬಂದ.

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ನಂಜುಂಡಪ್ಪನವರದೇ ದನಿ.

"ಯೋಗಾನಂದ್ ಅವ್ರೇ, ಏನ್ರೀ ಇದು? ನಮ್ಮ ನೇವಿ ಸ್ನೇಹಿತ್ರಿಬ್ರನ್ನೂ ಕರ್ಕೊಂಡು ನಿಮ್ಮ ಹಾಲಿಗೆ ಬಂದಿದ್ದೆ. ಅಲ್ಲಿ ಹಡಗೂ ಇಲ್ಲ, ಏನೂ ಇಲ್ಲ! ಯಾರೋ ಒಬ್ಬ, ಮಾರಮ್ಮ ಅನ್ನೋ ನೌಕರಿಯವಳ ಕತೆ ಹೇಳ್ತಿದ್ದ."

"ಸಾರ್, ಅದು..."

"ಕೇಳಿ ಇಲ್ಲಿ. ಏನ್ ಹೇಳ್ದ ರೀ ಆ ಮನುಷ್ಯ! ನಾವು ಮೂರು ಜನಾನೂ ಬಾಗಿಲಲ್ಲಿ ನಿಂತ್ಕೊಂಡು ಅತ್ತು ಬಂದ್ವಿ. ದಾರಿ ಉದ್ದಕ್ಕೂ ಮೆಟ್ರೋದಲ್ಲಿ ಅದೇ ಮಾತು. ನಮ್ಮ ಕೂಟಕ್ಕೆ ಆತನ್ನೇ ಕರೆಸೋಣ ಅಂತ ತೀರ್ಮಾನ ಆಯ್ತು. ಆತನ ನಂಬರ್ ಇದ್ರೆ ಕೊಡಿ."

ಯೋಗಾನಂದ ಗೋಡೆಗೆ ಒರಗಿ ನಿಂತ. ಎಲ್ಲ ಕೆಟ್ಟೂ ಎಲ್ಲ ಸರಿಯಾಗುವ ಗಳಿಗೆಯೊಂದು ಇರುತ್ತದಲ್ಲ, ಅದು ಬಂದಂತಿತ್ತು.

"ಸಾರ್, ಆ ಮನುಷ್ಯ ನಾನೇ!"

ಆ ಕಡೆ ನಂಜುಂಡಪ್ಪ ಜೋರಾಗಿ ನಕ್ಕರು. "ನೀವೇನಾ? ಭೇಷ್! ಹುಡುಕೋ ಕೆಲಸಾನೇ ತಪ್ತು! ಮುಂದಿನ ಭಾನುವಾರ ಕೆಂಗೇರಿಗೆ ಬಂದ್ಬಿಡಿ. ಎಲ್ರೂ ಹಳೇ ನೇವಿಯೋರೇ, ದೊಡ್ಡ ಸಭೆ!"

"ಖಂಡಿತ ಬರ್ತೀನಿ ಸಾರ್! ಖಂಡಿತ! ಇದೇ ದಿನಕ್ಕೆ ಕಾಯ್ತಿದ್ದೆ!" ಯೋಗಾನಂದನ ಕಣ್ಣುಗಳು ಮತ್ತೆ ತುಂಬಿಕೊಂಡವು. ರಂಜಿನಿ ಅಡಿಗೆಮನೆಯಿಂದ ಹೊರಬಂದು ನಿಂತಳು.

"ಒಂದೇ ಒಂದು ಮಾತು ಯೋಗಾನಂದ್ ಅವ್ರೇ," ಎಂದರು ನಂಜುಂಡಪ್ಪ, ದನಿ ತಗ್ಗಿಸಿ. "ಬೇಜಾರ್ ಮಾಡ್ಕೋಬೇಡಿ. ನಮ್ಮೋರೆಲ್ಲ ಜೀವಮಾನ ಪೂರ್ತಿ ಅದ್ರಲ್ಲೇ ಬೆಂದು ಬಂದಿರೋರು, ಸಾಕಾಗೋಗಿದೆ. ಮಾರಮ್ಮನ ವಿಷಯ ಎಷ್ಟು ಹೊತ್ತು ಬೇಕಾದ್ರೂ ಹೇಳಿ. ದಯವಿಟ್ಟು ಆ ಹಡಗಿನ ಸುದ್ದಿ ಮಾತ್ರ ತೆಗೀಬೇಡಿ."